ಹಳೆಯ ಮಧ್ಯಮ ಗಾತ್ರದ ಕ್ರೂಸ್ ಹಡಗು: ಟಿಕೆಟ್ ಕಾಯ್ದಿರಿಸುವ ಮುನ್ನ ತಿಳಿಯಬೇಕಾದುದು

ಯುರೋಪಿನಲ್ಲಿ ನಿರ್ಮಾಣವಾದ ಎರಡು ಪ್ರವಾಸಿ ಹಡಗುಗಳು 1990ರಲ್ಲಿ ಕಡಲಿಗಿಳಿದವು. ಅವುಗಳಲ್ಲಿ ಒಂದು ಇಟಲಿಯಲ್ಲಿ ಸಿದ್ಧವಾದ 'ಕ್ರೌನ್ ಪ್ರಿನ್ಸೆಸ್'. ಹಲವು ಬಾರಿ ಹೆಸರು ಬದಲಿಸಿಕೊಂಡ ಈ ಹಡಗು 2019ರಲ್ಲಿ ಜಲೇಶ್ ಕ್ರೂಸಸ್ ಸಂಸ್ಥೆಯ 'ಕರ್ಣಿಕಾ' ಆಗಿ ಮುಂಬೈಗೆ ಬಂದಿತು. ಮರುವರ್ಷವೇ ಸಂಸ್ಥೆಯ ಯಾನಗಳು ನಿಂತವು, ಹಡಗು ಗುಜರಾತಿನ ಅಲಂಗ್ ತೀರದಲ್ಲಿ ಗುಜರಿಗೆ ಸೇರಿತು. ಇನ್ನೊಂದು, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಿರ್ಮಾಣವಾದ 'ನಾರ್ಡಿಕ್ ಎಂಪ್ರೆಸ್'. ಅದು 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕ್ರೂಸಸ್ ಸಂಸ್ಥೆಯ 'ಎಂಪ್ರೆಸ್' ಆಗಿ ಅದೇ ಮುಂಬೈನಿಂದ ಯಾನ ಆರಂಭಿಸಿತು.

ಒಂದೇ ವಯಸ್ಸಿನ ಈ ಎರಡು ಹಡಗುಗಳ ಕಥೆ ಪ್ರವಾಸಿಗರಿಗೆ ಹೇಳುವುದು ಒಂದೇ ಮಾತು: ಹಡಗು ಹಳೆಯದೆಂಬ ಕಾರಣಕ್ಕೆ ತಿರಸ್ಕರಿಸುವುದೂ ಸರಿಯಲ್ಲ, ದರ ಅಗ್ಗವೆಂಬ ಕಾರಣಕ್ಕೆ ಟಿಕೆಟ್ ಕೊಳ್ಳುವುದೂ ಸರಿಯಲ್ಲ. ಹಡಗಿನ ಆರೈಕೆ ಹೇಗಿದೆ, ಅದನ್ನು ನಡೆಸುವ ಸಂಸ್ಥೆಯ ಸ್ಥಿತಿ ಹೇಗಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವಷ್ಟೇ ಹಣ ಪಾವತಿಸುವುದು ಜಾಣತನ.

ಗಾತ್ರದ ಲೆಕ್ಕ

ಪ್ರವಾಸಿ ಹಡಗುಗಳ ಗಾತ್ರವನ್ನು 'ಗ್ರಾಸ್ ಟನ್ನೇಜ್' ಎಂಬ ಅಳತೆಯಲ್ಲಿ ಸೂಚಿಸಲಾಗುತ್ತದೆ. ಇದು ಹಡಗಿನ ತೂಕವಲ್ಲ, ಅದರ ಒಳಾವರಣದ ವಿಸ್ತಾರವನ್ನು ತೋರಿಸುವ ಸಂಖ್ಯೆ. ಸುಮಾರು 211 ಮೀಟರ್ ಉದ್ದದ ಎಂಪ್ರೆಸ್‌ನ ಅಳತೆ 48,563. 2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಹಡಗಿನದು 2,48,663. ಎಂಪ್ರೆಸ್‌ನಂಥ ಐದು ಹಡಗುಗಳು ಸೇರಿದರೆ ಒಂದು ಐಕಾನ್! ಸಾಮಾನ್ಯವಾಗಿ 30 ಸಾವಿರದಿಂದ 80 ಸಾವಿರದವರೆಗಿನ ಹಡಗುಗಳನ್ನು ಈಗ ಮಧ್ಯಮ ಗಾತ್ರದವೆಂದು ಪರಿಗಣಿಸಬಹುದು.

ಗಾತ್ರಕ್ಕಿಂತ ಮುಖ್ಯವಾದುದು ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಜಾಗ. ಗ್ರಾಸ್ ಟನ್ನೇಜನ್ನು ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಸುಮಾರು 1,600 ಪ್ರಯಾಣಿಕರ ಎಂಪ್ರೆಸ್‌ಗೆ ಇದು 30ರ ಆಸುಪಾಸು. ಹಾಲೆಂಡ್ ಅಮೆರಿಕ ಲೈನ್ ಸಂಸ್ಥೆಗಾಗಿ 1999ರಲ್ಲಿ ನಿರ್ಮಾಣವಾದ 'ವೊಲೆಂಡಾಮ್'ಗೆ ಸುಮಾರು 43. ಐಕಾನ್‌ಗೆ 44. ಅಂದರೆ ಹಳೆಯ ಹಡಗುಗಳೆಲ್ಲವೂ ಇಕ್ಕಟ್ಟಿನವಲ್ಲ, ಹೊಸ ಹಡಗುಗಳಿಗೆ ಸರಿಸಮನಾದವೂ ಇವೆ. ಅಂಕಿ 30ರ ಸಮೀಪ ಇದ್ದರೆ ಊಟದ ಸಾಲು, ಈಜುಕೊಳದ ಬಳಿಯ ಕುರ್ಚಿ, ಲಿಫ್ಟ್ ಎಲ್ಲಕ್ಕೂ ಕಾಯಲು ಸಿದ್ಧರಿರಬೇಕು. ಶಾಲಾ ರಜೆಯಲ್ಲಿ ಕ್ಯಾಬಿನ್‌ಗೆ ಮೂವರು, ನಾಲ್ವರು ಸೇರುವುದರಿಂದ ದಟ್ಟಣೆ ಇನ್ನೂ ಹೆಚ್ಚುತ್ತದೆ.

ಹೆಸರು ಬದಲಾದರೂ ಸಂಖ್ಯೆ ಬದಲಾಗದು

ಹಳೆಯ ಹಡಗು ಕೈ ಬದಲಾದಂತೆ ಹೆಸರೂ ಬದಲಾಗುತ್ತದೆ. ಆದರೆ ಅಂತರರಾಷ್ಟ್ರೀಯ ಕಡಲಯಾನ ಸಂಘಟನೆಯ (ಐಎಂಒ) ವ್ಯವಸ್ಥೆಯಡಿ ಪ್ರತಿ ಹಡಗಿಗೂ ನೀಡಲಾಗುವ ಏಳಂಕಿಯ ಸಂಖ್ಯೆ ಕೊನೆಯವರೆಗೂ ಬದಲಾಗುವುದಿಲ್ಲ. ಆ ಸಂಖ್ಯೆಯನ್ನು ಹಿಡಿದು 'ಇಕ್ವಾಸಿಸ್' ಎಂಬ ಉಚಿತ ಅಂತರಜಾಲ ತಾಣದಲ್ಲಿ ಹುಡುಕಿದರೆ ಹಡಗಿನ ನಿರ್ಮಾಣ ವರ್ಷ, ಮಾಲೀಕರು, ವಿವಿಧ ಬಂದರುಗಳಲ್ಲಿ ನಡೆದ ತಪಾಸಣೆ ಹಾಗೂ ಅಲ್ಲಿ ಕಂಡ ಲೋಪಗಳ ವಿವರ ಲಭ್ಯವಾಗುತ್ತದೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗಾದರೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ನೈರ್ಮಲ್ಯ ತಪಾಸಣೆಯ ಅಂಕವನ್ನೂ ನೋಡಬಹುದು. 100ಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣವೆಂದೇ ಅರ್ಥ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಹಡಗು ಕಡೆಯ ಬಾರಿ ಡ್ರೈ ಡಾಕ್‌ಗೆ ಹೋದದ್ದು ಯಾವಾಗ, ಅಲ್ಲಿ ಏನೇನು ದುರಸ್ತಿಯಾಯಿತು? ಹೊಸ ರತ್ನಗಂಬಳಿ, ಹೊಸ ಬಣ್ಣದ ಚಿತ್ರಗಳನ್ನು ಜಾಹೀರಾತುಗಳು ಧಾರಾಳವಾಗಿ ತೋರಿಸುತ್ತವೆ. ಆದರೆ ಪ್ರಯಾಣದ ಸುಖ ನಿರ್ಧಾರವಾಗುವುದು ಹವಾನಿಯಂತ್ರಣ, ನೀರಿನ ಕೊಳವೆ, ಶೌಚಾಲಯ ಹಾಗೂ ಜನರೇಟರುಗಳಿಂದ.

ಸುರಕ್ಷತೆ: ಹಳತಕ್ಕೂ ಹೊಸತಕ್ಕೂ ಇರುವ ಅಂತರ

ಪ್ರಾಣರಕ್ಷಣೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 'ಸೋಲಾಸ್', ಹಳೆಯ ಹಡಗುಗಳಿಗೂ ಅನ್ವಯಿಸುತ್ತದೆ. ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರದ ಅವಧಿ ಹನ್ನೆರಡು ತಿಂಗಳು ಮಾತ್ರ. ಆದರೆ ಒಂದು ಮುಖ್ಯ ನಿಯಮ ಹೊಸ ಹಡಗುಗಳಿಗೆ ಸೀಮಿತ. 2010ರ ಜುಲೈ 1ರ ನಂತರ ನಿರ್ಮಾಣ ಆರಂಭವಾದ, 120 ಮೀಟರಿಗಿಂತ ಉದ್ದದ ಪ್ರಯಾಣಿಕರ ಹಡಗುಗಳು, ಒಂದು ಭಾಗದಲ್ಲಿ ಬೆಂಕಿ ಬಿದ್ದರೂ ನೀರು ನುಗ್ಗಿದರೂ ನಿಗದಿತ ಮಿತಿಯೊಳಗಿನ ಹಾನಿಯಾದರೆ ಸ್ವಂತ ಬಲದಿಂದ ಬಂದರು ತಲುಪುವಂತಿರಬೇಕು. ಅಷ್ಟೂ ಹೊತ್ತು ಪ್ರಯಾಣಿಕರಿಗೆ ನೀರು, ಆಹಾರ, ಶೌಚಾಲಯ, ಬೆಳಕಿನ ವ್ಯವಸ್ಥೆ ಇರಬೇಕು.

ಈ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 'ಕೋಸ್ಟಾ ಅಲೆಗ್ರಾ' ನಿದರ್ಶನ. 1969ರಲ್ಲಿ ಸರಕು ಹಡಗಾಗಿ ನಿರ್ಮಾಣವಾಗಿ, 1992ರಲ್ಲಿ ಪ್ರವಾಸಿ ಹಡಗಾಗಿ ಪರಿವರ್ತನೆಗೊಂಡ ಇದರ ಜನರೇಟರ್ ಕೊಠಡಿಗೆ 2012ರ ಫೆಬ್ರುವರಿ 27ರಂದು ಹಿಂದೂ ಮಹಾಸಾಗರದಲ್ಲಿ ಬೆಂಕಿ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ವಿದ್ಯುತ್ ಕಡಿತಗೊಂಡು, ಸಾವಿರಕ್ಕೂ ಹೆಚ್ಚು ಮಂದಿ ಉರಿಬಿಸಿಲಿನಲ್ಲಿ ಡೆಕ್ ಮೇಲೆ ದಿನ ದೂಡಬೇಕಾಯಿತು. ಫ್ರಾನ್ಸಿನ ಮೀನುಗಾರಿಕಾ ಹಡಗೊಂದು ಅದನ್ನು ಸೀಷೆಲ್ಸ್‌ಗೆ ಎಳೆದು ತಂದಿತು.

ಹಾಗೆಂದು ಹೊಸತೆಲ್ಲ ಸುರಕ್ಷಿತವೆನ್ನಲಾಗದು. ಅದೇ ವರ್ಷದ ಜನವರಿ 13ರಂದು ಇಟಲಿಯ ತೀರದಲ್ಲಿ ಬಂಡೆಗೆ ಬಡಿದು 32 ಮಂದಿಯ ಸಾವಿಗೆ ಕಾರಣವಾದ 'ಕೋಸ್ಟಾ ಕಾಂಕೋರ್ಡಿಯಾ'ಗೆ ಆಗ ಕೇವಲ ಆರು ವರ್ಷ. ಅಲ್ಲಿ ಎಡವಿದ್ದು ಯಂತ್ರವಲ್ಲ, ಹಡಗು ನಡೆಸಿದವರ ನಿರ್ಧಾರ. ಈ ದುರಂತದ ಬಳಿಕ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ತುರ್ತು ತಾಲೀಮು ನೀಡಬೇಕೆಂಬ ನಿಯಮ ಬಂದಿತು. ಹಡಗು ಯಾವುದೇ ಇರಲಿ, ಈ ತಾಲೀಮನ್ನು ತಪ್ಪಿಸಬಾರದು.

ಕ್ಯಾಬಿನ್ ಆಯ್ಕೆ

ಬಾಲ್ಕನಿ ಇರುವ ಕ್ಯಾಬಿನ್‌ಗಳು ವ್ಯಾಪಕವಾದದ್ದು 1990ರ ದಶಕದಲ್ಲಿ. ಹೀಗಾಗಿ ಅದಕ್ಕೂ ಮೊದಲು ವಿನ್ಯಾಸಗೊಂಡ ಹಡಗುಗಳಲ್ಲಿ ಅವು ಬೆರಳೆಣಿಕೆಯಷ್ಟು, ದರವೂ ದುಬಾರಿ. ಹೊಯ್ದಾಟಕ್ಕೆ ವಾಕರಿಕೆ ಬರುವವರು ಹಡಗಿನ ನಡುಭಾಗದ ಕೆಳ ಡೆಕ್‌ಗಳನ್ನು ಆರಿಸಿಕೊಳ್ಳುವುದು ಲೇಸು. ಹಿಂಭಾಗದಲ್ಲಿ ಯಂತ್ರದ ಕಂಪನ ಹೆಚ್ಚು. ಅಡುಗೆಮನೆ, ನೃತ್ಯಶಾಲೆ, ಈಜುಕೊಳಗಳ ಕೆಳಗಿನ ಕ್ಯಾಬಿನ್‌ಗಳಲ್ಲಿ ನಿದ್ರೆ ಕಷ್ಟ. ಹಡಗಿನ ಬದಿಯ ರೆಕ್ಕೆಗಳು ಅಕ್ಕಪಕ್ಕದ ಓಲಾಟವನ್ನು ತಗ್ಗಿಸಬಲ್ಲವೇ ಹೊರತು ಮುಂದು ಹಿಂದಿನ ಏರಿಳಿತವನ್ನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಮಧ್ಯಮ ಗಾತ್ರದ ಅನುಕೂಲಗಳೂ ಇವೆ. ದೈತ್ಯ ಹಡಗುಗಳಿಗೆ ಎಟುಕದ ಬಂದರುಗಳು ಇವುಗಳಿಗೆ ತೆರೆದುಕೊಳ್ಳುತ್ತವೆ. 30,277 ಟನ್ನೇಜ್‌ನ, ಸುಮಾರು 680 ಪ್ರಯಾಣಿಕರ 'ನಾಟಿಕಾ'ದಂಥ ಹಡಗುಗಳು ನವ ಮಂಗಳೂರು ಬಂದರಿಗೂ ಬಂದಿವೆ. ಇಲ್ಲಿ ಇಳಿಯುವ ವಿದೇಶಿ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಆದರೆ ಲಕ್ಷದ್ವೀಪದಂಥ ಕಡೆ ಹಡಗು ದೂರ ನಿಂತು, ಸಣ್ಣ ದೋಣಿಗಳಲ್ಲಿ ದಡ ಸೇರಬೇಕಾಗುತ್ತದೆ. ಮೊಣಕಾಲು ನೋವಿನ ಹಿರಿಯರು ಜತೆಗಿದ್ದರೆ ಇದನ್ನು ಮೊದಲೇ ವಿಚಾರಿಸಬೇಕು.

ದರದ ಹಿಂದಿನ ದರ

ಜಾಹೀರಾತಿನ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಒಳಗಿನ ಕ್ಯಾಬಿನ್‌ನಲ್ಲಿ ತಲಾ ದರ. ತೆರಿಗೆ, ಬಂದರು ಶುಲ್ಕ, ಸಿಬ್ಬಂದಿ ಭಕ್ಷೀಸು, ಮದ್ಯ, ಅಂತರಜಾಲ, ದಡದ ಪ್ರವಾಸ ಇವೆಲ್ಲ ಬಹುತೇಕ ಪ್ರತ್ಯೇಕ. ಒಂಟಿ ಪ್ರಯಾಣಿಕರು ಹೆಚ್ಚುವರಿ ತೆರಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ರದ್ದತಿಯ ಷರತ್ತು. ಹಳೆಯ ಹಡಗನ್ನು ಮಾರುವುದು, ಗುಜರಿಗೆ ಕಳುಹಿಸುವುದು ಮಾಲೀಕರಿಗೆ ಸುಲಭದ ನಿರ್ಧಾರ. 2020ರಲ್ಲಿ ಕೋವಿಡ್‌ನಿಂದ ಯಾನಗಳು ನಿಂತಾಗ ಸ್ಪೇನ್‌ನ ಪುಲ್‌ಮಂತೂರ್ ಸಂಸ್ಥೆ ದಿವಾಳಿಯ ಮೊರೆ ಹೋಯಿತು. ಅದರ 'ಸಾವರಿನ್', 'ಮೊನಾರ್ಕ್' ಹಡಗುಗಳು ಟರ್ಕಿಯ ಗುಜರಿ ತೀರ ಸೇರಿದವು. ಹೀಗಾಗಿ ಯಾನ ರದ್ದಾದರೆ ಹಣ ನಗದಾಗಿ ಮರಳುವುದೋ, ಮುಂದಿನ ಯಾನಕ್ಕೆ ಹೊಂದಾಣಿಕೆಯಾಗುವುದೋ, ಎಷ್ಟು ದಿನಗಳಲ್ಲಿ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

1999ರ 'ನಾರ್ವೇಜಿಯನ್ ಸ್ಕೈ' ಹಾಗೂ 2001ರ 'ನಾರ್ವೇಜಿಯನ್ ಸನ್' ಹಡಗುಗಳನ್ನು ಕಾರ್ಡೀಲಿಯಾಗೆ ಗುತ್ತಿಗೆ ನೀಡುವ ಒಪ್ಪಂದ 2025ರಲ್ಲಿ ಪ್ರಕಟವಾಯಿತು. ಭಾರತೀಯ ಪ್ರವಾಸಿಗರ ಪಾಲಿಗೆ ಹಳೆಯ, ಮಧ್ಯಮ ಗಾತ್ರದ ಹಡಗುಗಳ ಆಯ್ಕೆ ಹೆಚ್ಚುತ್ತಿರುವುದರ ಸೂಚನೆ ಇದು. ಮುಂಗಡ ಕಟ್ಟುವ ಮುನ್ನ ಐಎಂಒ ಸಂಖ್ಯೆ, ಕಡೆಯ ಡ್ರೈ ಡಾಕ್ ವರ್ಷ, ತಲಾ ಜಾಗದ ಅಂಕಿ, ಡೆಕ್ ನಕ್ಷೆಯಲ್ಲಿ ಕ್ಯಾಬಿನ್ ಇರುವ ಸ್ಥಳ, ರದ್ದತಿಯ ಷರತ್ತು – ಈ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಟ್ರಾವೆಲ್ ಏಜೆಂಟರ ಮುಂದಿಡುವುದು ಒಳಿತು. ಉತ್ತರ ನೀಡಲು ಹಿಂಜರಿಯುವವರಲ್ಲಿ ಟಿಕೆಟ್ ಕೊಳ್ಳುವ ಅಗತ್ಯವಿಲ್ಲ.