ರಸಬಾಳೆಯ ಪನಾಮಾ ಸೊರಗು ರೋಗ: ಶಿಲೀಂಧ್ರದ ಬೆಳವಣಿಗೆಯಲ್ಲಿ ರಾಸಾಯನಿಕ ಸಂಕೇತಗಳ ಪಾತ್ರ

ಭೌಗೋಳಿಕ ಸೂಚಿ ಮಾನ್ಯತೆ ಹೊಂದಿರುವ ನಂಜನಗೂಡು ರಸಬಾಳೆಯ ಸಾಗುವಳಿ ಕ್ಷೀಣಿಸಲು ಪನಾಮಾ ಸೊರಗು ರೋಗವು ಪ್ರಮುಖ ಕಾರಣವಾಗಿರುತ್ತದೆ.

ರೋಗಕಾರಕವಾದ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರದ ದಪ್ಪಗೋಡೆಯ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಸುಪ್ತಾವಸ್ಥೆಯಲ್ಲಿ ಉಳಿಯಬಲ್ಲವು. ಬಾಳೆಯ ಬೇರುಗಳು ಸ್ರವಿಸುವ ಸಕ್ಕರೆ, ಅಮೈನೋ ಆಮ್ಲ ಮುಂತಾದವು ಸಂಕೇತಗಳಾಗಿ ವರ್ತಿಸಿ ಈ ಬೀಜಕಗಳ ಮೊಳೆಯುವಿಕೆಯನ್ನು ಪ್ರಚೋದಿಸುತ್ತವೆ. ನಂತರ ಶಿಲೀಂಧ್ರದ ಎಳೆಗಳು ಬೇರನ್ನು ಪ್ರವೇಶಿಸಿ, ನೀರು ಸಾಗಿಸುವ ನಾಳಗಳನ್ನು ಆಕ್ರಮಿಸುವುದರಿಂದ ಎಲೆಗಳು ಹಳದಿಯಾಗಿ ಗಿಡವು ಸೊರಗುತ್ತದೆ.

ಆದುದರಿಂದ ರೋಗಪೀಡಿತ ಜಮೀನನ್ನು ಕೆಲವು ವರ್ಷ ಪಾಳು ಬಿಟ್ಟ ಮಾತ್ರಕ್ಕೆ ಸುರಕ್ಷಿತವೆಂದು ಭಾವಿಸಬಾರದು. ರೋಗರಹಿತ ಅಂಗಾಂಶ ಕೃಷಿ ಸಸಿಗೂ ಅಲ್ಲಿ ಸೋಂಕು ತಗಲುತ್ತದೆ. ಬಿಳಿಗೆರೆ ಸೇರಿದಂತೆ ನಂಜನಗೂಡು ತಾಲ್ಲೂಕಿನ ಬೆಳೆಗಾರರು ಸಸಿಗಳನ್ನು ಪಡೆಯುವ ಮುನ್ನ ಜಮೀನಿನ ಹಿಂದಿನ ಬೆಳೆಯನ್ನು ಪರಿಶೀಲಿಸತಕ್ಕದ್ದು. ರೋಗಪೀಡಿತ ತೋಟದ ಕಂದು ಹಾಗೂ ಮಣ್ಣನ್ನು ಬೇರೆಡೆಗೆ ಸಾಗಿಸತಕ್ಕದ್ದಲ್ಲ.