ಇ-ಮೇಲ್ ಕಪ್ಪುಪಟ್ಟಿ

ಇ-ಮೇಲ್ ಕಪ್ಪುಪಟ್ಟಿ: ಸ್ಪ್ಯಾಮ್, ಅಂದರೆ ಯಾರೂ ಕೇಳದ ರಾಶಿ ಮೇಲ್, ಹೊರಡುವ ಕಂಪ್ಯೂಟರುಗಳ ಐಪಿ ವಿಳಾಸಗಳ, ಅಂದರೆ ಇಂಟರ್ನೆಟ್‌ನಲ್ಲಿ ಅವನ್ನು ಗುರುತಿಸುವ ಸಂಖ್ಯೆಗಳ, ಪಟ್ಟಿ. ಬಂದ ಮೇಲನ್ನು ಒಳಗೆ ಬಿಡುವ ಮೊದಲು ಸರ್ವರ್‌ಗಳು ಇದನ್ನು ವಿಚಾರಿಸುತ್ತವೆ.

ಇಂಥ ಮೊದಲ ಪಟ್ಟಿಯನ್ನು 1997ರಲ್ಲಿ ಅಮೆರಿಕದ ಪಾಲ್ ವಿಕ್ಸಿ ಆರಂಭಿಸಿದರು. ಮರುವರ್ಷ ಸ್ಟೀವ್ ಲಿನ್‌ಫೋರ್ಡ್ ಲಂಡನ್ನಿನಲ್ಲಿ ಇಂಥ ಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆ ಕಟ್ಟಿದರು. ವಿಚಾರಣೆಯ ಕ್ರಮ ಸರಳ. 192.0.2.99 ಎಂಬ ವಿಳಾಸವನ್ನು 99.2.0.192 ಎಂದು ತಿರುವಿ, ಪಟ್ಟಿಯ ಹೆಸರು ಸೇರಿಸಿ, ಇಂಟರ್ನೆಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಕೇಳಬೇಕು. 127.0.0.2 ಎಂಬಂಥ ಉತ್ತರ ಬಂದರೆ ವಿಳಾಸ ಪಟ್ಟಿಯಲ್ಲಿದೆ. ಉತ್ತರವೇ ಇಲ್ಲದಿದ್ದರೆ ಇಲ್ಲ.

ಪಟ್ಟಿ ನಡೆಸುವವರು ಕೈಬಿಟ್ಟಾಗಲೇ ದೊಡ್ಡ ಅನಾಹುತಗಳಾಗಿವೆ. 2003ರ ಆಗಸ್ಟ್‌ನಲ್ಲಿ ದಾಳಿಗೆ ಸಿಕ್ಕ ಓಸಿರುಸಾಫ್ಟ್ ಎಂಬ ಪಟ್ಟಿ ಬಾಗಿಲು ಹಾಕುವಾಗ ಜಗತ್ತಿನ ಎಲ್ಲ ವಿಳಾಸಗಳನ್ನೂ ಸ್ಪ್ಯಾಮ್ ಎಂದುಬಿಟ್ಟಿತು. 2006ರಲ್ಲಿ ಮುಚ್ಚಿದ ಓಆರ್‌ಡಿಬಿ ಪಟ್ಟಿಯನ್ನು 2008ರ ಮಾರ್ಚ್‌ನಲ್ಲೂ ಕೇಳುತ್ತಿದ್ದ ಸರ್ವರ್‌ಗಳಿಗೆ ಅದೇ ಗತಿಯಾಯಿತು. ಇಲ್ಲಿ ತಪ್ಪು ಪಟ್ಟಿಯದಷ್ಟೇ ಅಲ್ಲ, ಒಮ್ಮೆ ಜೋಡಿಸಿ ಮರೆತವರದೂ ಹೌದು. ಪಟ್ಟಿಗೆ ಸೇರಿದವರು ಕೋರ್ಟು ಹತ್ತಿದ್ದೂ ಉಂಟು: ಇ360 ಎಂಬ ಕಂಪನಿಗೆ 2006ರಲ್ಲಿ ಸ್ಪ್ಯಾಮ್‌ಹೌಸ್ ವಿರುದ್ಧ 1.17 ಕೋಟಿ ಡಾಲರ್ ಪರಿಹಾರ ಘೋಷಣೆಯಾಯಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬರೀ 3 ಡಾಲರಿಗೆ ಇಳಿಸಿತು.

ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಶುರುವಾದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಲ್ಲಿಂದ ಎರಡು ದಶಕ ತುಂಬುವ ಮೊದಲೇ, 2012ರ ಮೊದಲ ತ್ರೈಮಾಸಿಕದಲ್ಲಿ, ಜಗತ್ತಿನ ಸ್ಪ್ಯಾಮ್‌ನ ಶೇ. 9.3ರಷ್ಟು ಭಾರತದಿಂದಲೇ ಹಾಯ್ದುಹೋಯಿತೆಂದು ಸೋಫೋಸ್ ಕಂಪನಿ ಲೆಕ್ಕ ಕೊಟ್ಟಿತು. ಇದರಲ್ಲಿ ಬಹುಪಾಲು ವೈರಸ್ ತಗುಲಿದ ಕಂಪ್ಯೂಟರುಗಳದು. ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಮನೆ, ಅಂಗಡಿಗಳ ಬ್ರಾಡ್‌ಬ್ಯಾಂಡ್‌ಗೆ ಸಾಮಾನ್ಯವಾಗಿ ಸಿಗುವುದು ಆಗಾಗ ಬದಲಾಗುವ ವಿಳಾಸ. ನಿನ್ನೆ ಒಬ್ಬರ ಬಳಿಯಿದ್ದದ್ದು ಇಂದು ಇನ್ನೊಬ್ಬರಿಗೆ. ಹಿಂದಿನವರ ಕೆಟ್ಟ ಹೆಸರೂ ಜೊತೆಗೇ ಬರುತ್ತದೆ. ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯಲ್ಲಂತೂ ಇಂಥ ವಿಳಾಸಗಳು ಸಾಲುಸಾಲಾಗಿರುತ್ತವೆ. ಅದು ಆರೋಪವಲ್ಲ, ಇಲ್ಲಿಂದ ನೇರವಾಗಿ ಮೇಲ್ ಹೊರಡಬಾರದು ಎಂಬ ನಿಯಮವಷ್ಟೆ. ಜಿಮೇಲ್ ಬಳಸುವವರಿಗೆ ಇದರ ಬಿಸಿ ತಟ್ಟದು, ಏಕೆಂದರೆ ಅವರ ಮೇಲ್ ಹೊರಡುವುದು ಗೂಗಲ್ ಸರ್ವರ್‌ನಿಂದ. ಸ್ವಂತ ಮೇಲ್ ಸರ್ವರ್ ಇಡಹೊರಟ ಸಂಸ್ಥೆ ಮಾತ್ರ ಸ್ಥಿರ ವಿಳಾಸ ಪಡೆಯಬೇಕು, ಇಲ್ಲವೇ ಸೇವಾದಾರರ ಸರ್ವರ್ ಮೂಲಕ ಕಳಿಸಬೇಕು.

ಒಂದೇ ಪಟ್ಟಿಯ ಮಾತು ಕೇಳಿ ಮೇಲ್ ತಿರಸ್ಕರಿಸುವುದು ದುಡುಕು. ಪಟ್ಟಿಯನ್ನು ಹಲವು ಸಾಕ್ಷಿಗಳಲ್ಲಿ ಒಂದಾಗಿ ಎಣಿಸಿ ಅಂಕ ಕೊಡುವ ಸ್ಪ್ಯಾಮ್‌ಅಸ್ಯಾಸಿನ್ ತಂತ್ರಾಂಶದ ಮಾದರಿಯೇ ಹೆಚ್ಚು ನಂಬಲರ್ಹ. ಕಾನೂನಿನ ಮಾತಿಗೆ ಬಂದರೆ, ಭಾರತದಲ್ಲಿ ಇ-ಮೇಲ್ ಸ್ಪ್ಯಾಮ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಫೋನ್ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.