ಥೆರೋಸ್ ದೇವತಾ ಕಾರ್ಡುಗಳ ತಾರತಮ್ಯ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟದಲ್ಲಿ ಗ್ರೀಕ್ ಪುರಾಣದ ನೆರಳು ಹೊತ್ತು ಬಂದ ದೇವತಾ ಕಾರ್ಡುಗಳ ಇತಿಹಾಸ ಇಲ್ಲಿದೆ. ಅವುಗಳಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂಬ ಲೆಕ್ಕ 2013ರಿಂದ ಈಚೆಗೆ ಹೇಗೆ ತಿರುಗುತ್ತ ಬಂತು ಎಂಬುದೇ ಮುಖ್ಯ ವಿಷಯ. ಆಟವನ್ನು ರೂಪಿಸಿದವರು ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. 1993ರಲ್ಲಿ ಅದನ್ನು ಹೊರತಂದದ್ದು ಅಮೆರಿಕದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ. ಇಪ್ಪತ್ತು ವರ್ಷ ಈ ಆಟದಲ್ಲಿ ‘ದೇವರು’ ಎಂಬ ಜೀವಿವರ್ಗವೇ ಇರಲಿಲ್ಲ. ಅದು ಬಂದದ್ದು 2013ರ ಸೆಪ್ಟೆಂಬರ್ 27ರಂದು ಬಿಡುಗಡೆಯಾದ ಥೆರೋಸ್ ಸಂಚಿಕೆಯೊಂದಿಗೆ.

ಎಷ್ಟು ದೇವರು, ಎಷ್ಟು ಕಾರ್ಡು

ಚಲಾವಣೆಯಲ್ಲಿರುವ ಶ್ರೇಯಾಂಕ ಪಟ್ಟಿಗಳಲ್ಲಿ ಗೊಂದಲ ಶುರುವಾಗುವುದೇ ಎಣಿಕೆಯಲ್ಲಿ. ಕೆಲವರು ಹದಿನೈದು ಎನ್ನುತ್ತಾರೆ, ಕೆಲವರು ಹದಿನಾರು, ಇನ್ನು ಕೆಲವರು ಇಪ್ಪತ್ತೆರಡು. ಎಣಿಸುವ ವಸ್ತು ಬೇರೆಬೇರೆಯಾದ್ದರಿಂದ ಮೂರೂ ಸರಿಯೇ. ಥೆರೋಸ್ ಸಂಚಿಕೆಯಲ್ಲಿ ಬಣ್ಣಕ್ಕೊಬ್ಬರಂತೆ ಐವರು ಬಂದರು: ಬಿಳಿಗೆ ಹೀಲಿಯಾಡ್, ನೀಲಿಗೆ ಥಾಸಾ, ಕಪ್ಪಿಗೆ ಎರೆಬೋಸ್, ಕೆಂಪಿಗೆ ಪರ್ಫೊರೋಸ್, ಹಸಿರಿಗೆ ನೈಲಿಯಾ. 2014ರ ಫೆಬ್ರವರಿಯ ಬಾರ್ನ್ ಆಫ್ ದ ಗಾಡ್ಸ್ ಸಂಚಿಕೆ ಎರಡೆರಡು ಬಣ್ಣದ ಐವರನ್ನು ತಂದಿತು: ಎಫಾರಾ, ಫೀನಾಕ್ಸ್, ಮೋಗಿಸ್, ಝೆನಾಗೋಸ್, ಕರಾಮೆಟ್ರಾ. ಅದೇ ವರ್ಷದ ಮೇ ತಿಂಗಳ ಜರ್ನಿ ಇಂಟು ನಿಕ್ಸ್ ಸಂಚಿಕೆಯಲ್ಲಿ ಉಳಿದ ಐವರು ಬಂದರು: ಅಥ್ರಿಯೋಸ್, ಕೆರಾನೋಸ್, ಫಾರಿಕಾ, ಇರೋವಾಸ್, ಕ್ರೂಫಿಕ್ಸ್. ಅಲ್ಲಿಗೆ ಹದಿನೈದು.

2020ರ ಜನವರಿಯ ಥೆರೋಸ್ ಬಿಯಾಂಡ್ ಡೆತ್ ಮೊದಲ ಐವರನ್ನು ಹೊಸ ಕಾರ್ಡುಗಳಾಗಿ ಮತ್ತೆ ಕರೆತಂದು, ವಿಧಿಯ ದೇವತೆ ಕ್ಲೋಥಿಸ್‌ಳನ್ನು ಹೊಸದಾಗಿ ಸೇರಿಸಿತು. ಪೂರ್ತಿ ಪೆಟ್ಟಿಗೆ ಕೊಂಡವರಿಗೆ ಕೊಡುಗೆಯಾಗಿ ಅಥ್ರಿಯೋಸ್‌ನ ಎರಡನೇ ರೂಪವೂ ಸಿಕ್ಕಿತು. ಹೀಗೆ ದೇವರು ಹದಿನಾರು, ಕಾರ್ಡು ಇಪ್ಪತ್ತೆರಡು. ‘ಹೀಲಿಯಾಡ್ ಎಷ್ಟನೇ ಸ್ಥಾನ?’ ಎಂದು ಕೇಳುವಾಗ ಯಾವ ಹೀಲಿಯಾಡ್ ಎಂದು ಹೇಳದಿದ್ದರೆ ಉತ್ತರ ಪಟ್ಟಿಯ ತಳದಲ್ಲೂ ಸಿಗಬಹುದು, ತುದಿಯಲ್ಲೂ ಸಿಗಬಹುದು. ಹಲವು ಪಟ್ಟಿಗಳು ಕೆಟ್ಟಿರುವುದು ಇಲ್ಲೇ.

ಗ್ರೀಕ್ ಮೂಲದೊಂದಿಗೆ ಒಬ್ಬರಿಗೊಬ್ಬರನ್ನು ಜೋಡಿಸುವ ಕೋಷ್ಟಕಗಳನ್ನೂ ಹಾಗೆಯೇ ನಂಬುವಂತಿಲ್ಲ. ಥಾಸಾ ಪೊಸೈಡನ್‌ನಂತೆ ಕಡಲಿನವಳು, ನೈಲಿಯಾ ಆರ್ಟೆಮಿಸ್‌ಳಂತೆ ಬೇಟೆಗಾರ್ತಿ, ಪರ್ಫೊರೋಸ್ ಹಿಫೀಸ್ಟಸ್‌ನಂತೆ ಕುಲುಮೆಯವನು. ಇಷ್ಟು ನೇರ. ಆದರೆ ಜ್ಯೂಸ್‌ನ ಹಿರಿತನ ಹೀಲಿಯಾಡ್‌ಗೂ ಅವನ ಸಿಡಿಲು ಕೆರಾನೋಸ್‌ಗೂ ಹಂಚಿಹೋಗಿದೆ. ಯುದ್ಧದೇವ ಏರೀಸ್‌ನನ್ನು ಸೀಳಿ ಗೆಲುವಿನ ಇರೋವಾಸ್, ಕೊಲೆಯ ಮೋಗಿಸ್ ಎಂಬ ಅವಳಿಗಳನ್ನು ಮಾಡಲಾಗಿದೆ. ಬರಿಯ ಅಂಬಿಗನಾಗಿದ್ದ ಕೇರಾನ್ ಇಲ್ಲಿ ಅಥ್ರಿಯೋಸ್ ಎಂಬ ದೇವರಾಗಿ ಬಡ್ತಿ ಪಡೆದಿದ್ದಾನೆ.

ಮಲಗುವ, ಏಳುವ ದೇವರು

ಈ ಕಾರ್ಡುಗಳೆಲ್ಲ ಏಕಕಾಲಕ್ಕೆ ಎನ್‌ಚಾಂಟ್‌ಮೆಂಟ್ (ಮೇಜಿನ ಮೇಲೆ ಉಳಿದು ಕೆಲಸ ಮಾಡುವ ಮಂತ್ರ) ಕೂಡ, ಜೀವಿ ಕೂಡ. ‘ನಾಶಮಾಡು’ ಎಂಬ ಯಾವ ಆಜ್ಞೆಯೂ ಇವಕ್ಕೆ ತಾಗದು. ಆದರೆ ಆಟಗಾರನ ‘ಡಿವೋಷನ್’ ಅಥವಾ ಭಕ್ತಿ ಸಾಲದಿದ್ದರೆ ಮೇಜಿನ ಮೇಲಿದ್ದೂ ದೇವರು ಜೀವಿಯಾಗುವುದಿಲ್ಲ, ಕಾದಲಾರದು, ತಡೆಯಲಾರದು; ಇದನ್ನೇ ಮಲಗುವುದು ಎನ್ನೋಣ. ಭಕ್ತಿ ಎಂದರೆ ಆಟಗಾರನ ಮುಂದಿರುವ ಕಾರ್ಡುಗಳ ಬೆಲೆಯಲ್ಲಿ ಅಚ್ಚಾಗಿರುವ ಆ ಬಣ್ಣದ ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಚಿಹ್ನೆಗಳ ಒಟ್ಟು ಸಂಖ್ಯೆ. 2008ರ ಈವೆನ್‌ಟೈಡ್ ಸಂಚಿಕೆಯಲ್ಲಿ ‘ಕ್ರೋಮಾ’ ಎಂಬ ಹೆಸರಲ್ಲಿ ಬಂದು ಯಾರ ಗಮನಕ್ಕೂ ಬೀಳದೆ ಹೋದ ಯೋಚನೆಯೇ ಇಲ್ಲಿ ಹೆಸರು ಬದಲಿಸಿಕೊಂಡು ಬಂದಿದೆ. ಒಂದೇ ಬಣ್ಣದ ದೇವರಿಗೆ 5 ಚಿಹ್ನೆ ಬೇಕು, ಎರಡು ಬಣ್ಣದವರಿಗೆ 7.

ಈ 5 ಮತ್ತು 7ರ ಅಂತರವನ್ನು ಹಿಗ್ಗಿಸಿ ಹೇಳುವುದು ವಾಡಿಕೆ. ದೇವರ ಕಾರ್ಡಿನ ಸ್ವಂತ ಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ ಒಂದು ಬಣ್ಣದವರಿಗೆ ಹೊರಗಿನಿಂದ ಬೇಕಾದದ್ದು 4, ಎರಡು ಬಣ್ಣದವರಿಗೆ 5. ನಿಜವಾದ ಅಂತರ ಒಂದೇ ಚಿಹ್ನೆ.

ಮಲಗಿದ ದೇವರು ಎಲ್ಲಿಯೂ ಜೀವಿಯಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ; ಇದನ್ನು ತಿದ್ದಿಕೊಳ್ಳುವುದು 2020ರಲ್ಲಿ ಮುಖ್ಯವಾಯಿತು. ಭಕ್ತಿಯ ಷರತ್ತು ಜಾರಿಯಾಗುವುದು ಮೇಜಿನ ಮೇಲೆ ಮಾತ್ರ. ಕೈಯಲ್ಲಿದ್ದಾಗ, ಕಟ್ಟಿನಲ್ಲಿದ್ದಾಗ, ಆಡುತ್ತಿರುವ ಗಳಿಗೆಯಲ್ಲಿ ದೇವರು ಯಾವಾಗಲೂ ಜೀವಿಯ ಕಾರ್ಡೇ. ಜೀವಿಯನ್ನು ಹುಡುಕಿ ತರುವ ಕಾರ್ಡು ದೇವರನ್ನೂ ತರುತ್ತದೆ.

ದೇವರನ್ನು ತೊಲಗಿಸುವ ಮುಖ್ಯ ದಾರಿ ಗಡೀಪಾರು, ಅಂದರೆ ಎಕ್ಸೈಲ್. ಜರ್ನಿ ಇಂಟು ನಿಕ್ಸ್ ಸಂಚಿಕೆಯ ‘ಡೀಸೈಡ್’ ಎಂಬ ಎರಡು ಮಾನಾದ ಕಾರ್ಡು ಇದಕ್ಕೆಂದೇ ಹೆಣೆದದ್ದು. ಗಡೀಪಾರಾದದ್ದು ದೇವರಾಗಿದ್ದರೆ ಎದುರಾಳಿಯ ಕೈ, ಕಟ್ಟು, ಗ್ರೇವ್‌ಯಾರ್ಡ್ (ಸತ್ತ, ಬಳಸಿದ ಕಾರ್ಡುಗಳ ರಾಶಿ) ಎಲ್ಲ ಜಾಲಾಡಿ ಅದೇ ಹೆಸರಿನ ಉಳಿದ ಪ್ರತಿಗಳನ್ನೂ ಅದು ಓಡಿಸುತ್ತದೆ.

ಡಬ್ಲಿನ್, ಅಕ್ಟೋಬರ್ 2013

ಬಿಡುಗಡೆಯ ಹೊತ್ತಿನಲ್ಲಿ ಚರ್ಚೆ ನಡೆದದ್ದು ಮೈಕಟ್ಟಿನ (ಬಲ/ತಾಳಿಕೆ) ಮೇಲೆ: ನಾಲ್ಕು ಮಾನಾಕ್ಕೆ ನೈಲಿಯಾ 6/6, ಪರ್ಫೊರೋಸ್ 6/5, ಎರೆಬೋಸ್ 5/7. ಎರಡೇ ವಾರದಲ್ಲಿ ಡಬ್ಲಿನ್‌ನಲ್ಲಿ ಪ್ರೋ ಟೂರ್ ಥೆರೋಸ್ ನಡೆಯಿತು. ಫೈನಲ್‌ನಲ್ಲಿ ಎದುರುಬದುರಾದ ಫ್ರಾನ್ಸ್‌ನ ಜೆರೆಮಿ ದೆಜಾನಿ ಮತ್ತು ಪಿಯೆರ್ ದಾಜೆನ್ ಇಬ್ಬರ ಕೈಯಲ್ಲೂ ಇದ್ದದ್ದು ನೀಲಿ ಡಿವೋಷನ್ ಡೆಕ್. ಗೆದ್ದವರು ದೆಜಾನಿ.

ಆ ಡೆಕ್‌ನ ಒಂದು ಓಟ ನೋಡಬೇಕು. ಎರಡನೇ ಸರದಿಗೆ ಫ್ರಾಸ್ಟ್‌ಬರ್ನ್ ವಿಯರ್ಡ್: ಎರಡು ಚಿಹ್ನೆ. ಮೂರನೇ ಸರದಿಗೆ ಥಾಸಾ: ಇನ್ನೊಂದು, ಒಟ್ಟು ಮೂರು, ದೇವಿ ಮಲಗಿಯೇ ಇದ್ದಾಳೆ. ನಾಲ್ಕನೇ ಸರದಿಗೆ ನೈಟ್‌ವೇಲ್ ಸ್ಪೆಕ್ಟರ್. ಇದರ ಬೆಲೆಯ ಮೂರೂ ಚಿಹ್ನೆ ನೀಲಿ ಅಥವಾ ಕಪ್ಪು ಎಂದು ಜೋಡಿ ಬಣ್ಣದವಾದ್ದರಿಂದ ಮೂರೂ ಎಣಿಕೆಗೆ ಬಿದ್ದು ಒಟ್ಟು ಆರಾಯಿತು. ದೇವಿ ಎದ್ದಳು. ಹಿಂದಿನ ಸರದಿಯಿಂದಲೇ ಮೇಜಿನ ಮೇಲಿದ್ದವಳಾದ್ದರಿಂದ ಹೊಸ ಜೀವಿಗಳಂತೆ ಒಂದು ಸರದಿ ಕಾಯಬೇಕಾಗಿಲ್ಲ. ಎದ್ದ ಗಳಿಗೆಯಲ್ಲೇ 5/5 ಆಗಿ ನುಗ್ಗುತ್ತಾಳೆ. ಅಲ್ಲಿಯವರೆಗೆ ಮಲಗಿದ್ದೂ ಸುಮ್ಮನಿರುವುದಿಲ್ಲ: ಪ್ರತಿ ಸರದಿಯ ಆರಂಭದಲ್ಲಿ ಕಟ್ಟಿನ ಮೇಲಿನ ಕಾರ್ಡನ್ನು ಇಣುಕಿ, ಬೇಡವಾದರೆ ತಳಕ್ಕೆ ಕಳಿಸಬಹುದು.

ಈ ಗೆಲುವಿನ ಶ್ರೇಯಸ್ಸು ಯಾರದೆಂಬುದು ಇಂದಿಗೂ ತಕರಾರಿನ ವಿಷಯ. ಆ ವಾರಾಂತ್ಯದಲ್ಲಿ ಮಾರುಕಟ್ಟೆ ಬೆಲೆ ನೆಗೆದು ಸುದ್ದಿಯಾದದ್ದು ಥಾಸಾ ಅಲ್ಲ, ಮಾಸ್ಟರ್ ಆಫ್ ವೇವ್ಸ್. ಆ ನಾಲ್ಕು ಮಾನಾದ ಜೀವಿ ಭಕ್ತಿ ಎಷ್ಟಿದೆಯೋ ಅಷ್ಟು ಮರಿಗಳನ್ನು ಒಮ್ಮೆಲೇ ಇಳಿಸುತ್ತದೆ. ಮುಗಿಸುವ ಪೆಟ್ಟು ಅದರದೆಂಬುದು ನಿಜ. ಆದರೆ ಮಾಸ್ಟರ್ ಸತ್ತರೆ 1/0 ಮೈಕಟ್ಟಿನ ಆ ಮರಿಗಳೂ ಜತೆಗೇ ಸಾಯುತ್ತವೆ, ಥಾಸಾ ಸಾಯುವುದಿಲ್ಲ. ಡೆಕ್‌ಗೆ ಬೆನ್ನೆಲುಬು ಥಾಸಾ ಎಂಬ ವಾದವೇ ಹೆಚ್ಚು ಗಟ್ಟಿ.

ದಾಖಲೆಗಳಲ್ಲಿ ಹಾರಿಹೋಗುವ ಸಂಗತಿ ಇನ್ನೊಂದಿದೆ. ಪೌರಾಣಿಕ (ಲೆಜೆಂಡರಿ) ಕಾರ್ಡುಗಳ, ಅಂದರೆ ಈ ದೇವರೂ ಸೇರಿದ ವರ್ಗದ, ನಿಯಮ ಬದಲಾದದ್ದು 2013ರ ಜುಲೈನಲ್ಲಿ, ಥೆರೋಸ್‌ಗೆ ಎರಡು ತಿಂಗಳ ಮುಂಚೆ. ಅದಕ್ಕೂ ಮೊದಲು ಇಬ್ಬರೂ ಒಂದೇ ಹೆಸರಿನ ಪೌರಾಣಿಕ ಕಾರ್ಡು ಇಳಿಸಿದರೆ ಎರಡೂ ಬಿದ್ದುಹೋಗುತ್ತಿದ್ದವು. ಹೊಸ ನಿಯಮದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಇರಬಹುದು. ಹಳೆಯ ನಿಯಮವೇ ಇದ್ದಿದ್ದರೆ ಡಬ್ಲಿನ್ ಫೈನಲ್‌ನಂಥ ಪಂದ್ಯದಲ್ಲಿ ಥಾಸಾಳನ್ನು ಮುರಿಯಲು ಎದುರಾಳಿಯ ಥಾಸಾಳೇ ಸಾಕಿತ್ತು.

ಥೆರೋಸ್‌ನ ಮೊದಲ ಐವರಲ್ಲಿ ತಳಕ್ಕೆ ಬಿದ್ದದ್ದು ದೇವರ ದೊರೆ ಹೀಲಿಯಾಡ್. ನಾಲ್ಕು ಮಾನಾ ಕೊಟ್ಟರೆ 2/1 ಪೂಜಾರಿಯೊಬ್ಬ ಟೋಕನ್ ಆಗಿ ಹುಟ್ಟುತ್ತಾನೆ. ಟೋಕನ್‌ಗೆ ಬೆಲೆಯಿಲ್ಲ, ಬೆಲೆಯಿಲ್ಲದ ಮೇಲೆ ಚಿಹ್ನೆಯಿಲ್ಲ, ಭಕ್ತಿಗೆ ಸೇರುವುದೂ ಇಲ್ಲ. ತನ್ನ ಪೂಜಾರಿಗಳೆಲ್ಲ ಸಾಲುಗಟ್ಟಿ ನಿಂತರೂ ಹೀಲಿಯಾಡ್ ಏಳುವುದಿಲ್ಲ.

2014ರ ಹತ್ತು ಮಂದಿ

ಎರಡು ಬಣ್ಣದ ಹತ್ತರಲ್ಲಿ, ಇತ್ತೀಚಿನ ಸಂಚಿಕೆಗಳಷ್ಟೇ ಸಲ್ಲುವ ಸ್ಟ್ಯಾಂಡರ್ಡ್ ಪಂದ್ಯಾವಳಿಗಳಲ್ಲಿ ಥಾಸಾಳಷ್ಟು ಮೆರೆದದ್ದು ಒಂದೂ ಇಲ್ಲ. ಕೆರಾನೋಸ್ ಹಳೆಯ ಕಾರ್ಡುಗಳ ಮಾಡರ್ನ್ ಮಾದರಿಯಲ್ಲಿ ನೆಲೆ ಕಂಡಿತು. ಸ್ಪ್ಲಿಂಟರ್ ಟ್ವಿನ್ ಎಂಬ ಕಾರ್ಡಿನ ಡೆಕ್‌ಗಳ ಸೈಡ್‌ಬೋರ್ಡ್‌ನಲ್ಲಿ (ಬದಲಿ ಕಾರ್ಡುಗಳ ಕಟ್ಟಿನಲ್ಲಿ) ಅದರದೊಂದು ಪ್ರತಿ ಕಾಣುತ್ತಿತ್ತು: ಪ್ರತಿ ಸರದಿಯ ಮೊದಲ ಕಾರ್ಡು ಭೂಮಿಯಾದರೆ ಇನ್ನೊಂದು ಕಾರ್ಡು, ಅಲ್ಲವಾದರೆ ಮೂರು ಪೆಟ್ಟಿನ ಸಿಡಿಲು. 2016ರ ಜನವರಿಯಲ್ಲಿ ಸ್ಪ್ಲಿಂಟರ್ ಟ್ವಿನ್ ನಿಷೇಧವಾದಾಗ ಆ ನೆಲೆಯೂ ಹೋಯಿತು. ಮೂರು ಮಾನಾದ ಅಥ್ರಿಯೋಸ್ ಮೇಲೆ ಬಿಡುಗಡೆಗೆ ಮುಂಚೆ ಬಹಳ ಭರವಸೆಯಿತ್ತು. ಸತ್ತ ಜೀವಿ ಕೈಗೆ ಮರಳುತ್ತದೆ, ಎದುರಾಳಿ ಮೂರು ಜೀವಾಂಕ ತೆತ್ತರೆ ಮಾತ್ರ ಇಲ್ಲ. ಆದರೆ ಆಯ್ಕೆಯನ್ನು ಎದುರಾಳಿಗೆ ಬಿಟ್ಟ ಕಾರ್ಡು ಯಾವಾಗಲೂ ಅವನಿಗೆ ಒಗ್ಗಿದ್ದನ್ನೇ ಮಾಡುತ್ತದೆ. 2015ರ ಅಕ್ಟೋಬರ್‌ನಲ್ಲಿ ಥೆರೋಸ್ ಸಂಚಿಕೆಗಳು ಸ್ಟ್ಯಾಂಡರ್ಡ್‌ನಿಂದ ಹೊರಬಿದ್ದವು.

ಕಮಾಂಡರ್ ಮೇಜಿನ ಲೆಕ್ಕ

ಸಾಮಾನ್ಯವಾಗಿ ನಾಲ್ವರು ಕೂತು, ತಲಾ 40 ಜೀವಾಂಕದಿಂದ, ಒಂದು ಪೌರಾಣಿಕ ಜೀವಿಯನ್ನು ನಾಯಕನನ್ನಾಗಿ ಮಾಡಿಕೊಂಡು ಆಡುವ ಕಮಾಂಡರ್ ಮಾದರಿಯಲ್ಲಿ ತಾರತಮ್ಯ ತಲೆಕೆಳಗಾಯಿತು. ಇಲ್ಲಿ ಮೈಕಟ್ಟಿಗೆ ಬೆಲೆಯಿಲ್ಲ. ದೇವರು ಮಲಗಿದ್ದಷ್ಟೂ ಒಳ್ಳೆಯದು. ಎದ್ದರೆ ಜೀವಿಯಾಗಿ, ಒಂದು ಮಾನಾದ ಸ್ವೋರ್ಡ್ಸ್ ಟು ಪ್ಲೋಶೇರ್ಸ್‌ಗೆ ಗುರಿಯಾಗಿ ಗಡೀಪಾರಾಗುವ ಅಪಾಯ. ಮಲಗಿ ದುಡಿಯುವುದರಲ್ಲಿ ಪರ್ಫೊರೋಸ್ ಎತ್ತಿದ ಕೈ: ತನ್ನ ಕಡೆ ಬೇರೊಂದು ಜೀವಿ ಇಳಿದಾಗಲೆಲ್ಲ ಪ್ರತಿ ಎದುರಾಳಿಗೂ ಎರಡು ಪೆಟ್ಟು. ಇಪ್ಪತ್ತು ಗಾಬ್ಲಿನ್ ಟೋಕನ್ ಇಳಿದರೆ ಮೂವರೂ ಒಟ್ಟಿಗೆ ಮುಗಿದರು. ಸ್ಟ್ಯಾಂಡರ್ಡ್‌ನಲ್ಲಿ ಥಾಸಾಳ ಹಿಂದೆ ಉಳಿದಿದ್ದ ದೇವರು ಇಲ್ಲಿ ಮುಂದೆ ಬಂದಿತು.

ಬೇರೊಂದು ಜೀವಿಗೆ ವೇಗ ಕೊಟ್ಟು ಅದರ ಬಲವನ್ನು ಇಮ್ಮಡಿಸುವ ಝೆನಾಗೋಸ್, ಜೀವಿಯೊಂದನ್ನು ಆಡಿದಾಗಲೆಲ್ಲ ಭೂಮಿ ತರುವ ಕರಾಮೆಟ್ರಾ ಕೂಡ ನಾಯಕರಾಗಿ ಹೆಸರು ಮಾಡಿದ್ದು ಇಲ್ಲೇ. ಅಥ್ರಿಯೋಸ್‌ಗೂ ಮರುಜೀವ ಬಂತು. ಶ್ಯಾಡೋಬಾರ್ನ್ ಅಪಾಸಲ್ ಎಂಬ ಕಾರ್ಡನ್ನು ಒಂದು ಡೆಕ್‌ನಲ್ಲಿ ಎಷ್ಟು ಬೇಕಾದರೂ ಇಡಬಹುದು. ಆರನ್ನು ಬಲಿಕೊಟ್ಟರೆ ಕಟ್ಟಿನಿಂದ ಒಂದು ಪಿಶಾಚಿ ಇಳಿಯುತ್ತದೆ. ಸತ್ತ ಆರಕ್ಕೂ ಅಥ್ರಿಯೋಸ್ ಬಿಡಿಬಿಡಿಯಾಗಿ ಸುಂಕ ಕೇಳುತ್ತಾನೆ: ಹದಿನೆಂಟು ಜೀವಾಂಕ ತೆರು, ಇಲ್ಲವೇ ಆರನ್ನೂ ನನ್ನ ಕೈಗೆ ಬಿಡು.

2020: ಸೂರ್ಯದೇವನ ಸರದಿ

ಥೆರೋಸ್ ಬಿಯಾಂಡ್ ಡೆತ್ 2020ರ ಜನವರಿ 24ರಂದು ಬಂತು. ಎರಡು ತಿಂಗಳೊಳಗೆ ಕೋವಿಡ್‌ನಿಂದ ಮೇಜಿನ ಪಂದ್ಯಾವಳಿಗಳು ನಿಂತು, ಆಟ ಪರದೆಯ ಮೇಲಿನ ಅರೀನಾ ಮತ್ತು ಮ್ಯಾಜಿಕ್ ಆನ್‌ಲೈನ್‌ಗೆ ಸರಿಯಿತು. ಪರದೆಯ ಮೇಲಿನ ಪಂದ್ಯಗಳ ಡೆಕ್ ಪಟ್ಟಿಗಳು ಮೇಲಿಂದ ಮೇಲೆ ಪ್ರಕಟವಾಗುತ್ತಿದ್ದುದರಿಂದ ಈ ಸುತ್ತಿನ ದೇವತೆಗಳ ದಾಖಲೆ ಹಿಂದಿನದಕ್ಕಿಂತ ದಟ್ಟವಾಗಿದೆ.

ಸೂರ್ಯದೇವ ಹೀಲಿಯಾಡ್‌ನ ಹೊಸ ಕಾರ್ಡು ‘ಹೀಲಿಯಾಡ್, ಸನ್-ಕ್ರೌನ್ಡ್’ ಮೂರೇ ಮಾನಾದ್ದು. ಆಟಗಾರನಿಗೆ ಜೀವಾಂಕ ಸಿಕ್ಕಾಗಲೆಲ್ಲ ಅವನ ಒಂದು ಜೀವಿ ಅಥವಾ ಎನ್‌ಚಾಂಟ್‌ಮೆಂಟ್ ಮೇಲೆ +1/+1 ಗುರುತು ಕೂರುತ್ತದೆ. ಎರಡು ಮಾನಾ ತೆತ್ತರೆ ಬೇರೊಂದು ಜೀವಿಗೆ ಆ ಸರದಿಯ ಮಟ್ಟಿಗೆ, ಹೊಡೆದಷ್ಟು ಜೀವಾಂಕ ಪಡೆಯುವ ಗುಣ ಬರುತ್ತದೆ. ಇದಕ್ಕೆ ಜೊತೆಯಾದದ್ದು 2017ರ ವಾಕಿಂಗ್ ಬಲಿಸ್ಟಾ. ಅದು ಮೈಮೇಲಿನ ಒಂದು ಗುರುತು ತೆಗೆದು ಯಾರಿಗಾದರೂ ಒಂದು ಪೆಟ್ಟು ಕೊಡುತ್ತದೆ. ಎರಡು ಗುರುತಿರುವ ಬಲಿಸ್ಟಾಗೆ ಹೀಲಿಯಾಡ್‌ನ ವರ ಸಿಕ್ಕರೆ: ಒಂದು ಗುರುತು ಹೋಯಿತು, ಒಂದು ಪೆಟ್ಟು ಬಿತ್ತು, ಒಂದು ಜೀವಾಂಕ ಬಂತು, ಅದಕ್ಕೆ ಪ್ರತಿಯಾಗಿ ಗುರುತು ಮರಳಿ ಕೂತಿತು. ಎದುರಾಳಿ ಮುಗಿಯುವವರೆಗೆ ಇದೇ ಸುತ್ತು. ಸೂರ್ಯದೇವ ಏಳಬೇಕಾದ ಅಗತ್ಯವೇ ಇಲ್ಲ.

2019ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದ ಪಯನಿಯರ್ ಮಾದರಿಯಲ್ಲಿ ಈ ಜೋಡಿ ಅತಿಯಾಯಿತು. 2020ರ ಆಗಸ್ಟ್ 3ರಂದು ಸಂಸ್ಥೆ ನಿಷೇಧಿಸಿದ್ದು ಬಲಿಸ್ಟಾವನ್ನು. ಹೀಲಿಯಾಡ್ ಉಳಿಯಿತು. ‘ಹೀಲಿಯಾಡ್ ನಿಷೇಧವಾಯಿತು’ ಎಂಬ ಮಾತು ಅಲ್ಲಲ್ಲಿ ಕೇಳಿಬರುವುದುಂಟು, ಅದು ತಪ್ಪು. ಮಾಡರ್ನ್‌ನಲ್ಲಿ ಕಲೆಕ್ಟೆಡ್ ಕಂಪನಿ ಎಂಬ ಕಾರ್ಡು ಹೀಲಿಯಾಡ್‌ಗೆ ಬೆನ್ನಾಯಿತು. ಅದು ಕಟ್ಟಿನ ಮೇಲಿನ ಆರು ಕಾರ್ಡು ನೋಡಿ, ಮೂರು ಮಾನಾದೊಳಗಿನ ಎರಡು ಜೀವಿಗಳನ್ನು ನೇರ ಇಳಿಸುತ್ತದೆ. ಕಟ್ಟಿನೊಳಗೆ ದೇವರು ಜೀವಿಯೇ ಆದ್ದರಿಂದ ಹೀಲಿಯಾಡ್ ಕೂಡ ಸಿಗುತ್ತದೆ. ಜೊತೆಗೆ ಸ್ಪೈಕ್ ಫೀಡರ್ ಸಿಕ್ಕರೆ ಕೊನೆಯಿಲ್ಲದ ಜೀವಾಂಕ. 2013ರ ಹೀಲಿಯಾಡ್‌ನ ಬೆಲೆ ನಾಲ್ಕು. ಈ ದಾರಿ ಅದಕ್ಕೆ ಮುಚ್ಚಿತ್ತು.

ಉಳಿದವರಲ್ಲಿ ಕ್ಲೋಥಿಸ್ ಹೆಚ್ಚು ಬಾಳಿಕೆ ಬಂತು. ಪ್ರತಿ ಸರದಿ ಗ್ರೇವ್‌ಯಾರ್ಡ್‌ನಿಂದ ಒಂದು ಕಾರ್ಡು ಗಡೀಪಾರು ಮಾಡಿ, ಅದು ಭೂಮಿಯಾದರೆ ಒಂದು ಮಾನಾ ಕೊಡುತ್ತದೆ. ಅಲ್ಲವಾದರೆ ಎದುರಾಳಿಗಳಿಗೆ ಎರಡು ಪೆಟ್ಟು, ತನ್ನವರಿಗೆ ಎರಡು ಜೀವಾಂಕ. ಇದೂ ಮಲಗಿಯೇ ಮಾಡುವ ಕೆಲಸ.

ಈ ಸಂಚಿಕೆಯ ಅತಿ ಬಲಶಾಲಿ ಎಂದು ಉರೋ ಎಂಬ ಕಾರ್ಡನ್ನು ದೇವತಾ ಪಟ್ಟಿಗಳ ನೆತ್ತಿಯಲ್ಲಿ ಕೂರಿಸುವುದು ಕಾಣುತ್ತದೆ. ಬಲ ನಿಜ: 2020ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಡರ್ಡ್‌ನಿಂದ, 2021ರ ಫೆಬ್ರವರಿಯಲ್ಲಿ ಪಯನಿಯರ್, ಮಾಡರ್ನ್ ಮತ್ತು ಲೆಗಸಿ ಮಾದರಿಗಳಿಂದ ಅದು ಹೊರಬಿತ್ತು. ಆದರೆ ಉರೋ ಟೈಟನ್. ಕಾರ್ಡಿನ ಮೇಲೆ ಅಚ್ಚಾಗಿರುವ ವರ್ಗ ‘ಹಿರಿಯ ದೈತ್ಯ’. ಅದು ಈ ಪಟ್ಟಿಗೆ ಸೇರದು.

ಅನಂತರ

ಈಜಿಪ್ಟ್ ಛಾಯೆಯ ಆಮೊಂಖೆಟ್ (2017), ನಾರ್ಸ್ ಛಾಯೆಯ ಕಾಲ್ಡ್‌ಹೈಮ್ (2021) ದೇವತೆಗಳು ಭಕ್ತಿಯ ಷರತ್ತನ್ನು ಬಿಟ್ಟು ಬೇರೆ ದಾರಿ ಹಿಡಿದವು. 2023ರ ಏಪ್ರಿಲ್‌ನ ಮಾರ್ಚ್ ಆಫ್ ದ ಮಷೀನ್ ಸಂಚಿಕೆಯಲ್ಲಿ ಥೆರೋಸ್‌ನವರೇ ಇಬ್ಬರು ಮರಳಿದರು. ಬೇರೆ ಮೂರು ಎನ್‌ಚಾಂಟ್‌ಮೆಂಟ್ ಜೊತೆಗಿದ್ದಾಗ ಮಾತ್ರ ಅವಿನಾಶಿಯಾಗುವ ಎಫಾರಾ ಒಂದು. ಇನ್ನೊಂದು ಮಗುಚಿದರೆ ಬೇರೊಂದು ರೂಪಕ್ಕೆ ತಿರುಗುವ ಹೀಲಿಯಾಡ್. ಈ ಮೂರನೇ ಹೀಲಿಯಾಡ್‌ಗೆ ಭಕ್ತಿಯ ಷರತ್ತೂ ಇಲ್ಲ, ಅವಿನಾಶಿತ್ವವೂ ಇಲ್ಲ. ಇಳಿದ ಗಳಿಗೆಯಿಂದಲೇ 4/4 ಜೀವಿ, ಸಾಧಾರಣ ಪೆಟ್ಟಿಗೂ ಸಾಯುತ್ತದೆ. ಇಪ್ಪತ್ತೆರಡರ ಪಟ್ಟಿಯನ್ನು ಇಪ್ಪತ್ತನಾಲ್ಕಕ್ಕೆ ಏರಿಸುವವರು ಇವೆರಡನ್ನೂ ಸೇರಿಸಿಕೊಳ್ಳುತ್ತಾರೆ.